ಐದಕ್ಕೆ ನಿಲ್ಲಿಸಬೇಕು

ವಿಶೇಷ ಮಕ್ಕಳ ಶಾಲೆಗೆ ಸೇರಿ ನನಗೆ ಎರಡು ತಿಂಗಳೂ ಆಗಿರಲಿಲ್ಲ. ಊಟ ಆದ ಮೇಲೆ ಮಕ್ಕಳಿಗೆ ಹಲ್ಲುಜ್ಜಿಸುವ ಕೆಲಸ ನನ್ನ ಪಾಲಿಗೆ ಬಂತು. ಇದೇನು ಮಹಾ, ನನ್ನ ಮಗನಿಗೆ ನಾನೇ ಕಲಿಸಿದ್ದಲ್ವಾ ಅಂದುಕೊಂಡೆ.

ಮೊದಲ ದಿನವೇ ಐದು ವರ್ಷದ ಹುಡುಗನೊಬ್ಬನನ್ನು ಬೇಸಿನ್ ಮುಂದೆ ನಿಲ್ಲಿಸಿದೆ. ಅವನಿಗೆ ಆಟಿಸಂ ಇತ್ತು, ಮಾತು ಬರುತ್ತಿರಲಿಲ್ಲ. ಬ್ರಷ್ ಬಾಯಿಗೆ ಹೋದದ್ದೇ ತಡ, ಕಚ್ಚಿಕೊಂಡುಬಿಟ್ಟ. ನಾನು ಎಳೆದೆ. ಅವನು ಇನ್ನೂ ಬಿಗಿಯಾಗಿ ಕಚ್ಚಿದ. ಈ ಎಳೆದಾಟದಲ್ಲಿ ನನ್ನ ತೋರುಬೆರಳೂ ಒಳಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಬೆರಳ ಮೇಲೆ ನಾಲ್ಕು ಹಲ್ಲಿನ ಗುರುತು. ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತು ಅಳುತ್ತಿದ್ದ.

ಓಡಿ ಬಂದ ಹಿರಿಯ ಟೀಚರ್ ನನ್ನ ಬೆರಳಿನ ಕಡೆ ನೋಡಲೇ ಇಲ್ಲ. "ಯಾವ ಪೇಸ್ಟ್ ಹಾಕಿದ್ರಿ?" ಅಂತ ಕೇಳಿದರು.

ಪುದೀನದ್ದು. ಎಲ್ಲರ ಮನೆಯಲ್ಲೂ ಇರುವಂಥದ್ದು.

"ನಮಗೆ ತಂಪು ಅನ್ಸೋದು ಇವನಿಗೆ ಉರಿ ಅನ್ಸುತ್ತೆ. ಅದರ ಮೇಲೆ ಬಾಯಿ ತುಂಬಾ ನೊರೆ" ಅಂದರು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹೊಸ ಬ್ರಷ್ ತೆಗೆದು, "ಬಾಯಿ ತೆಗೀರಿ" ಅಂದರು. ನಗುತ್ತಲೇ ತೆಗೆದೆ. ಬ್ರಷ್ ದವಡೆ ಹಲ್ಲಿನ ಹತ್ತಿರ ಬಂದಾಗ ನನ್ನ ಭುಜ ಎರಡೂ ಕಿವಿವರೆಗೆ ಬಂದಿತ್ತು. ಅವರು ಎಷ್ಟು ಹೊತ್ತು ಉಜ್ಜುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅದೇ ದೊಡ್ಡ ಹಿಂಸೆ.

ಮತ್ತೆ ಮೊದಲಿಂದ ಶುರು ಮಾಡಿದೆವು. ಒಂದು ವಾರ ಬ್ರಷ್ ಬಾಯಿಯೊಳಗೆ ಹೋಗಲೇ ಇಲ್ಲ. ಅಂಗೈಗೆ ತಾಗಿಸೋದು, ಆಮೇಲೆ ಕೆನ್ನೆಗೆ, ತುಟಿಗೆ. ಐದು ಎಣಿಸಿ ತೆಗೆಯೋದು. ಹೇಗೂ ಸುಮ್ನಿದ್ದಾನಲ್ಲ, ಇನ್ನೊಂಚೂರು ಅಂತ ಏಳಕ್ಕೆ ಹೋದೆವೋ, ಮಾರನೇ ದಿನ ಅವನು ಬೇಸಿನ್ ಹತ್ತಿರವೇ ಬರುತ್ತಿರಲಿಲ್ಲ. ನಾನು ಒಮ್ಮೆ ಹೋಗಿ ಅನುಭವಿಸಿದ್ದೇನೆ. ಪೇಸ್ಟನ್ನೂ ಬದಲಾಯಿಸಿದೆವು: ರುಚಿ ಇಲ್ಲದ್ದು, ನೊರೆ ಕಮ್ಮಿ ಬರುವಂಥದ್ದು, ಆದರೆ ಹಲ್ಲು ಹುಳುಕಾಗದಂತೆ ಕಾಯುವ ಫ್ಲೋರೈಡ್ ಇರುವಂಥದ್ದು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು, ಇವನ ವಯಸ್ಸಿಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬಾ ಹಾಕಿ ತೋರಿಸುತ್ತಾರಲ್ಲ, ಅದನ್ನು ನೋಡಿದರೆ ಈಗ ನಗು ಬರುತ್ತೆ.

ಹಲ್ಲುಜ್ಜೋದು ಒಂದೇ ಕೆಲಸ ಅಂದುಕೊಂಡಿದ್ದೆ. ಬಿಡಿಸಿ ಬರೆದರೆ 18 ಹೆಜ್ಜೆ ಆಯಿತು. ಒಂದೊಂದಕ್ಕೂ ಒಂದು ಫೋಟೋ ತೆಗೆದು ಕನ್ನಡಿ ಪಕ್ಕ ಅಂಟಿಸಿದೆವು. ಕಲಿಸಿದ್ದು ಮಾತ್ರ ಕೊನೆಯಿಂದ. 17 ಹೆಜ್ಜೆ ನಾನು ಮಾಡಿಸೋದು, ಬ್ರಷ್ ತೊಳೆದು ಸ್ಟೀಲ್ ಲೋಟಕ್ಕೆ ಹಾಕೋದೊಂದು ಅವನದು. 'ಟಣ್' ಅಂತ ಸದ್ದಾಗುತ್ತಿತ್ತು. ಆ ಸದ್ದಿಗೋಸ್ಕರವೇ ಅವನು ಬೇಸಿನ್ ಹತ್ತಿರ ಬರತೊಡಗಿದ. ಅದು ಪಕ್ಕಾ ಆದ ಮೇಲೆ ಅದರ ಹಿಂದಿನ ಹೆಜ್ಜೆಯನ್ನೂ ಅವನಿಗೆ ಬಿಟ್ಟೆವು. ಹಾಗೇ ಒಂದೊಂದಾಗಿ ಹಿಂದಕ್ಕೆ. ಉಜ್ಜುವಾಗ ನಾನು ಅವನ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಅವನ ತಲೆ ನನ್ನ ಹೊಟ್ಟೆಗೆ ಒರಗಿರುತ್ತಿತ್ತು, ಇಬ್ಬರೂ ಕನ್ನಡಿ ನೋಡುತ್ತಿದ್ದೆವು.

ಅದೇ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು, ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ) ಇದ್ದ ಹುಡುಗಿಯೊಬ್ಬಳಿದ್ದಳು. ಅವಳೂ ಬ್ರಷ್ ಕಚ್ಚುತ್ತಿದ್ದಳು, ಆದರೆ ಅದು ಹಟ ಅಲ್ಲ. ಬ್ರಷ್ ತಾಗಿದರೆ ದವಡೆ ತಾನಾಗಿಯೇ ಮುಚ್ಚಿಕೊಳ್ಳುತ್ತೆ. ಆಗ ಎಳೆಯಬಾರದು, ಸಡಿಲ ಆಗುವ ತನಕ ಕಾಯಬೇಕು. ಬ್ರಷ್ ಹಿಡಿಯೋದು ಅವಳಿಗೆ ಕಷ್ಟ ಅಂತ ಹಿಡಿಗೆ ರಬ್ಬರ್ ಚೆಂಡು ಚುಚ್ಚಿಕೊಟ್ಟೆವು.

"ಬಿದ್ದುಹೋಗೋ ಹಾಲುಹಲ್ಲಿಗೆ ಇಷ್ಟೆಲ್ಲ ಯಾಕೆ ಮಿಸ್?" ಅಂತ ಹುಡುಗನ ಅಜ್ಜಿ ಕೇಳಿದ್ದರು. ಹಲ್ಲು ನೋಯುತ್ತಿದೆ ಅಂತ ಹೇಳೋಕೆ ಇವನಿಗೆ ಮಾತಿಲ್ಲವಲ್ಲ ಅಜ್ಜಿ, ಅಂದೆ. ಊಟ ಬಿಡುತ್ತಾನೆ, ತಲೆ ಚಚ್ಚಿಕೊಳ್ಳುತ್ತಾನೆ, ನಾವು ಹಟ ಅಂದುಕೊಂಡು ಬೈಯುತ್ತೇವೆ. ಸಾಲದ್ದಕ್ಕೆ ಆರು ವರ್ಷದ ಹೊತ್ತಿಗೆ ಹಿಂದೆ ದವಡೆ ಹಲ್ಲು ಬರುತ್ತೆ. ಯಾವ ಹಲ್ಲೂ ಬೀಳದೆ ಬರೋದರಿಂದ ಮನೆಯವರ ಗಮನಕ್ಕೂ ಬರೋದಿಲ್ಲ, ಆದರೆ ಅದು ಬದುಕಿಡೀ ಇರಬೇಕಾದ ಹಲ್ಲು. ಅಜ್ಜಿ ತಕ್ಷಣ ಅವನ ಬಾಯಿ ತೆಗೆಸಿ ನೋಡಲು ಹೋದರು. ಅವನು ಗಟ್ಟಿಯಾಗಿ ಮುಚ್ಚಿಕೊಂಡ.

ಕೊನೆವರೆಗೂ ಕಾಡಿದ್ದು ಉಗುಳೋದು. ಅದನ್ನೂ ಕಲಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಕೈ ಹಿಡಿದು ಉಜ್ಜಿಸಬಹುದು, ಉಗುಳಿಸೋದು ಹೇಗೆ? ನಾನೇ ನೀರು ತುಂಬಿಕೊಂಡು ಅವನ ಮುಂದೆ ಉಗುಳಿ ಉಗುಳಿ ತೋರಿಸಿದೆ. ಅವನು ನೋಡೋನು, ನೀರು ನುಂಗೋನು. ಮೂರು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, ಪುಸಕ್ ಅಂತ ಅಷ್ಟನ್ನೂ ನನ್ನ ಬಟ್ಟೆ ಮೇಲೆ ಉಗುಳಿದ. ನಾನು ಕೂಗಿ, ಚಪ್ಪಾಳೆ ತಟ್ಟಿ, ಅವನನ್ನು ಎತ್ತಿಕೊಂಡುಬಿಟ್ಟೆ. ನೆಲ ಒರೆಸುತ್ತಿದ್ದ ಆಯಮ್ಮ ಬಟ್ಟೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ನಿಂತರು.

ಚಪ್ಪಾಳೆ ಅವನಿಗೆ ತುಂಬಾ ಇಷ್ಟ ಆಗಿರಬೇಕು. ಆ ವಾರವೆಲ್ಲ ಬಾಗಿಲು, ಬೆಂಚು, ಹೆಡ್ ಮಿಸ್ ಚಪ್ಪಲಿ, ಎಲ್ಲದರ ಮೇಲೂ ಉಗುಳಿ ನನ್ನ ಮುಖ ನೋಡಿದ. ಕನ್ನಡಿ ಪಕ್ಕ 19ನೇ ಫೋಟೋ ಅಂಟಿಸಬೇಕಾಯಿತು: ಖಾಲಿ ಬೇಸಿನ್.