ಕೆರೆ ಯಾಕೆ ತುಂಬಲಿಲ್ಲ? ಅರ್ಧ ಉತ್ತರ ನಕ್ಷೆಯಲ್ಲಿ, ಇನ್ನರ್ಧ ಊರಲ್ಲಿ

ಕೋಲಾರ ಜಿಲ್ಲೆಯ ಯಾವುದೇ ಟೋಪೋಶೀಟ್ (ನೆಲದ ಏರಿಳಿತ, ಹಳ್ಳ, ಕೆರೆ ತೋರಿಸುವ ಸರ್ವೆ ನಕ್ಷೆ) ಬಿಡಿಸಿ ನೋಡಿ, ಎಲ್ಲಿ ಕಣ್ಣು ಹಾಯಿಸಿದರೂ ಕೆರೆಗಳೇ. ಒಂದು ಕೆರೆಯ ಕೋಡಿಯಿಂದ ಹೊರಟ ಹಳ್ಳ ಕೆಳಗಿನ ಕೆರೆಗೆ ಸೇರುತ್ತದೆ, ಅದರ ಕೋಡಿ ಮತ್ತೊಂದಕ್ಕೆ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ಇದು. ಪಾಲಾರ್ ಇದೆ, ಆದರೆ ಒಳ್ಳೆ ಮಳೆ ಬಿದ್ದಾಗ ಮಾತ್ರ ಅದರಲ್ಲಿ ನೀರು. ವರ್ಷದ ಮಳೆ ಸುಮಾರು 750 ಮಿಲಿಮೀಟರ್, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಜಾಸ್ತಿ. ಆ ಒಂದೆರಡು ತಿಂಗಳ ನೀರನ್ನು ಹಿಡಿದಿಟ್ಟುಕೊಳ್ಳಲು ಇಲ್ಲಿನ ಜನ ನೂರಾರು ವರ್ಷಗಳಿಂದ ಕೆರೆ ಕಟ್ಟುತ್ತಾ ಬಂದಿದ್ದಾರೆ.

ನಾನು ಭೂಗೋಳಶಾಸ್ತ್ರ ಓದಿದವಳು. ಇಂಥ ಕೆರೆ ಸಾಲುಗಳನ್ನು ಅಧ್ಯಯನ ಮಾಡುವ ಸಣ್ಣ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ಅರ್ಧ ಕೆಲಸ ಕಂಪ್ಯೂಟರ್ ಮುಂದೆ, ಇನ್ನರ್ಧ ಏರಿಯ ಮೇಲೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರು "ಮೇಡಂ, ಈಗ ಸ್ಯಾಟಲೈಟ್‌ನಲ್ಲೇ ಎಲ್ಲಾ ಕಾಣುತ್ತಲ್ಲ, ಊರಿಗೆ ಯಾಕೆ ಹೋಗಬೇಕು?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅವರಿಗೆ ನಾನು ಹೇಳುವ ಒಂದು ಕೆರೆಯ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಳಬಾಗಿಲು ತಾಲ್ಲೂಕಿನ ಎರಡು ಊರು, ಎರಡು ಕೆರೆ. ಮೇಲಿನದು ಚಿಕ್ಕದು, ಕೆಳಗಿನದು ದೊಡ್ಡದು. 2021ರ ನವೆಂಬರ್ ಮಳೆ ನೆನಪಿರಬೇಕು, ಜಿಲ್ಲೆಯಲ್ಲಿ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳೂ ಕೋಡಿ ಹರಿದವು. ಈ ಮೇಲಿನ ಕೆರೆಯೂ ಹರಿಯಿತು. ಕೆಳಗಿನದು ಮಾತ್ರ ಅರ್ಧಕ್ಕೇ ನಿಂತಿತು.

ಮೊದಲು ಕಂಪ್ಯೂಟರಿನಲ್ಲಿ ನೋಡಿದೆವು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ. ಐದು ದಿನಕ್ಕೊಮ್ಮೆ ಅದೇ ಜಾಗದ ಹೊಸ ಚಿತ್ರ ಬರುತ್ತದೆ. ನೆಲದ ಏರಿಳಿತಕ್ಕೆ ಎಸ್‌ಆರ್‌ಟಿಎಂ ಅಂತ ಇನ್ನೊಂದು ದತ್ತಾಂಶ ಇದೆ, 2000ನೇ ಇಸವಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದದ್ದು. ಇವೆರಡನ್ನೂ ಸೇರಿಸಿದರೆ ಯಾವ ಬಯಲಿನ ನೀರು ಯಾವ ಕೆರೆಗೆ ಇಳಿಯಬೇಕು ಅನ್ನೋದನ್ನು ಲೆಕ್ಕ ಹಾಕಬಹುದು. ನಮ್ಮ ಲೆಕ್ಕದ ಪ್ರಕಾರ ಕೆಳಗಿನ ಕೆರೆಯ ಜಲಾನಯನ ಚೆನ್ನಾಗೇ ಇತ್ತು. ಮೇಲಿನ ಕೋಡಿಯ ನೀರೂ ನೇರವಾಗಿ ಅಲ್ಲಿಗೇ ಬರಬೇಕು. ಆದರೆ ಏರಿಳಿತದ ಆ ದತ್ತಾಂಶದಲ್ಲಿ ಒಂದು ಚುಕ್ಕಿಗೆ ಸುಮಾರು ಮೂವತ್ತು ಮೀಟರ್ ಅಗಲ. ಹೊಲದ ಬದು, ಮಣ್ಣಿನ ರಸ್ತೆ, ಮೋರಿ, ಪೈಪು ಯಾವುದೂ ಅದಕ್ಕೆ ಕಾಣುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ನೀರಿನ ದಾರಿ ತಿರುಗಿಸಲು ಎರಡಡಿ ಎತ್ತರದ ಮಣ್ಣು ಸಾಕು.

ಊರಿಗೆ ಹೋದಾಗ ನಾವು ಕೆರೆಯಿಂದ ಶುರು ಮಾಡುವುದಿಲ್ಲ, ಮೇಲಿನ ಕೋಡಿಯಿಂದ ಶುರು ಮಾಡುತ್ತೇವೆ. ನೀರಿನ ಜೊತೆ ಇಳಿಯುತ್ತಾ ನಡೆಯುವುದು. ಜೊತೆಗೆ ಬಂದವರು ಹಿಂದೆ ನೀರುಗಂಟಿಯಾಗಿದ್ದ ಮನೆತನದ ಒಬ್ಬ ತಾತ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು, ಮಳೆಗಾಲದಲ್ಲಿ ರಾತ್ರಿ ಏರಿ ಕಾಯುವುದು, ಎಲ್ಲ ನೀರುಗಂಟಿಯ ಕೆಲಸ. ಕೋಲಾರದ ಹಲವು ಊರುಗಳಲ್ಲಿ ದಲಿತ ಕುಟುಂಬಗಳೇ ಇದನ್ನು ತಲೆತಲಾಂತರದಿಂದ ನೋಡಿಕೊಂಡವರು. ಅದಕ್ಕೆ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ ಆ ವಂಶಪಾರಂಪರ್ಯದ ಹುದ್ದೆಗಳು ಹೋದವು. ಹುಟ್ಟಿನಿಂದ ಹೊರಿಸಿದ ಕೆಲಸ ಹೋಗಿದ್ದು ಒಳ್ಳೆಯದೇ. ಆದರೆ ಆ ಕೆಲಸಕ್ಕೆ ಸರಿಯಾದ ಸಂಬಳ ಕೊಟ್ಟು ಇನ್ನೊಬ್ಬರನ್ನು ನೇಮಿಸುವ ಗೋಜಿಗೆ ಬಹಳಷ್ಟು ಕಡೆ ಯಾರೂ ಹೋಗಲಿಲ್ಲ. ಕೊಳವೆ ಬಾವಿ ಬಂದ ಮೇಲಂತೂ ತೂಬನ್ನು ಕೇಳುವವರೇ ಇಲ್ಲ.

ಕೋಡಿಯಿಂದ ಸ್ವಲ್ಪ ದೂರ ಕಾಲುವೆ ಅಗಲವಾಗಿಯೇ ಇತ್ತು. ಆಮೇಲೆ ಇದ್ದಕ್ಕಿದ್ದಂತೆ ಕಾಲುವೆ ಇಲ್ಲ, ಕಡ್ಡಿ ನೆಟ್ಟ ಟೊಮೆಟೊ ಸಾಲು. ತಾತ ಅಲ್ಲೇ ನಿಂತರು. "ಇಲ್ಲಿ ಎತ್ತಿನ ಗಾಡಿ ಇಳಿಸಿ ತಿರುಗಿಸ್ತಿದ್ವಮ್ಮ, ಅಷ್ಟಗಲ ಇತ್ತು" ಅಂದರು. ನಮ್ಮ ಕೈಯಲ್ಲಿ ಹಳೆಯ ಗ್ರಾಮ ನಕ್ಷೆ ಇತ್ತು. ನೆಲದ ಒಂದು ಮೈಲಿಗೆ ಎಂಟು ಇಂಚಿನ ಲೆಕ್ಕದಲ್ಲಿ ಬರೆದ ನಕ್ಷೆ ಅದು. ಅದರಲ್ಲಿ ಕಾಲುವೆ ಎರಡು ಗೆರೆಗಳ ನಡುವೆ ಸ್ಪಷ್ಟವಾಗಿ ಇದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಸರ್ವೆ ನಂಬರೂ ಸಿಕ್ಕಿತು. ಕಾಗದದ ಪ್ರಕಾರ ನಮ್ಮ ಕಾಲ ಕೆಳಗೆ ಕಾಲುವೆ, ಕಣ್ಣೆದುರಿಗೆ ಟೊಮೆಟೊ.

ಇದನ್ನೇ ಒತ್ತುವರಿ ಅಂತ ಬರೆದು ವರದಿ ಮುಗಿಸಬಹುದಿತ್ತು. ಆದರೆ ನಡಿಗೆ ಮುಂದುವರಿಸಿದಾಗ ಒಂದು ಹಳ್ಳಿ ರಸ್ತೆ ಅಡ್ಡ ಬಂತು. ಕೆಳಗೆ ಸಿಮೆಂಟ್ ಪೈಪು ಹಾಕಿದ್ದರು. ಪೈಪಿನ ತಳ ಕಾಲುವೆಯ ತಳಕ್ಕಿಂತ ಮೊಣಕಾಲೆತ್ತರ ಮೇಲಿತ್ತು. ರಸ್ತೆಯ ಮೇಲ್ಗಡೆ ಗಿಡಗಳ ಕಾಂಡದಲ್ಲಿ ಕೆಸರಿನ ಗುರುತು, ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಒಣಗಿದ ಹುಲ್ಲು, ಎಲ್ಲಾ ಒಂದೇ ಮಟ್ಟದಲ್ಲಿ. ನೀರು ಅಲ್ಲಿಯವರೆಗೆ ಏರಿ ನಿಂತಿದ್ದಕ್ಕೆ ಸಾಕ್ಷಿ. ರಸ್ತೆಯ ಕೆಳಗಡೆ ಮರಳೂ ಇಲ್ಲ, ಕೊಚ್ಚಿಕೊಂಡು ಬಂದ ಕಸವೂ ಇಲ್ಲ. ಹಾಗಾದರೆ ಆ ನೀರು ಎಲ್ಲಿ ಹೋಯಿತು? ಪಕ್ಕಕ್ಕೆ ತಿರುಗಿ, ಹೊಲಗಳ ಮೇಲೆ ಹಾದು, ಬೇರೆ ಹಳ್ಳ ಸೇರಿತ್ತು. ಹಾಗೆ ಹಾದ ನೀರು ಮೇಲ್ಮಣ್ಣು ಕೊಚ್ಚಿದ್ದರಿಂದಲೇ ಟೊಮೆಟೊ ಬೆಳೆದವರು ಬದುವನ್ನು ಇನ್ನೂ ಎತ್ತರ ಮಾಡಿಕೊಂಡಿದ್ದರು. ಅವರೊಡನೆ ಕೂತು ಮಾತಾಡಿದ ಮೇಲೆ ಗೊತ್ತಾಗಿದ್ದು ಇದು.

ರಸ್ತೆ ಮೊದಲು ಬಂತೋ, ಬದು ಮೊದಲೋ? ಇದು ತಿಳಿಯದೆ ಯಾರ ಕಡೆಯೂ ಬೆರಳು ತೋರಿಸುವ ಹಾಗಿಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಕೆಳಗಿನ ಊರಿನ ಹೆಂಗಸರಿಂದ.

ನಾವು ಊರಲ್ಲಿ ನಕ್ಷೆ ಬರೆಸುತ್ತೇವೆ. ಕಾಗದ ಪೆನ್ನು ಕೊಟ್ಟರೆ ಓದು ಬರುವವರು ಮಾತ್ರ ಮುಂದೆ ಬರುತ್ತಾರೆ, ಅದಕ್ಕೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಅರಳಿಕಟ್ಟೆ ಹತ್ತಿರ ಗಂಡಸರು ಬರೆದ ನಕ್ಷೆಯಲ್ಲಿ ಏರಿ, ತೂಬು, ಅಚ್ಚುಕಟ್ಟು, ಬಸ್ ರಸ್ತೆ, ಯಾರ ಬೋರು ಎಲ್ಲಿ ಅನ್ನೋದು ಇತ್ತು. ಹೆಂಗಸರ ನಕ್ಷೆಯಲ್ಲಿ ಬಟ್ಟೆ ಒಗೆಯುವ ಬಂಡೆ, ಸೌದೆ ತರುವ ದಾರಿ, ಮೇಕೆ ಮೇಯುವ ಜಾಗ, ಗುಂಡುತೋಪು. ರಸ್ತೆ ಪಕ್ಕ ಒಂದು ಚಿಕ್ಕ ಸುತ್ತು ಕೂಡ ಇತ್ತು. ಗಂಡಸರ ನಕ್ಷೆಯಲ್ಲಿ ಅದು ಇರಲೇ ಇಲ್ಲ. "ಇದೇನಕ್ಕಾ?" ಅಂದೆ. "ಕುಂಟೆ. ಕೋಡಿ ನೀರು ಮೊದಲು ಇದಕ್ಕೆ ಬಂದು ಆಮೇಲೆ ಕೆರೆಗೆ ಹೋಗ್ತಿತ್ತು. ಮೇಕೆಗೆ ಇಲ್ಲೇ ನೀರು ಕುಡಿಸ್ತಿದ್ವಿ. ರೋಡ್ ಮಾಡಿದ ಮೇಲೆ ಒಂದು ಹನಿ ಬಂದಿಲ್ಲ." ಯಾವ ವರ್ಷ ಅಂದರೆ ಇಸವಿ ನೆನಪಿಲ್ಲ. ಆದರೆ ಅವರ ದೊಡ್ಡ ಮಗಳ ಮದುವೆಗೆ ಬಂದ ನೆಂಟರ ವ್ಯಾನು ಹೊಸ ರಸ್ತೆಯಲ್ಲೇ ಬಂದಿದ್ದು ಚೆನ್ನಾಗಿ ನೆನಪಿತ್ತು.

ಆಫೀಸಿಗೆ ವಾಪಸ್ ಬಂದು ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳನ್ನು ಮದುವೆಯ ಹಿಂದುಮುಂದಿನ ವರ್ಷಗಳಿಗೆ ಹೊಂದಿಸಿ ನೋಡಿದೆವು. ಮೊದಲಿನ ಚಿತ್ರದಲ್ಲಿ ಕುಂಟೆ ಇದೆ, ಕಾಲುವೆಯೂ ಇದೆ. ಆಮೇಲಿನದರಲ್ಲಿ ರಸ್ತೆ ಬಂದಿದೆ, ಕುಂಟೆ ಒಣಗಿದೆ, ಕಾಲುವೆ ಇನ್ನೂ ಇದೆ. ಅದಕ್ಕೂ ಆಮೇಲಿನದರಲ್ಲಷ್ಟೇ ಕಾಲುವೆ ಜಾಗ ಹೊಲವಾಗಿದೆ. ರಸ್ತೆ ಮೊದಲು, ಬದು ಆಮೇಲೆ. ಆ ಅಕ್ಕ ಹೇಳದಿದ್ದರೆ ಅಷ್ಟು ಚಿಕ್ಕ ಕುಂಟೆಯನ್ನು ನಾವು ಆ ಚಿತ್ರಗಳಲ್ಲಿ ಹುಡುಕುತ್ತಲೇ ಇರಲಿಲ್ಲ. ಆ ಚಿತ್ರಗಳಿಲ್ಲದೆ ಅವರ ಮಾತನ್ನು ಪಂಚಾಯಿತಿ ಸಭೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಲೂ ಇರಲಿಲ್ಲ. ನನ್ನ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇವೆರಡೂ ಕೂಡುವ ಈ ಜಾಗ.

ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಉಪಗ್ರಹ ಚಿತ್ರದಲ್ಲಿ ಹಸಿರು ಜಾಸ್ತಿ ಕಂಡರೆ ಪರಿಸರ ಸುಧಾರಿಸಿದೆ ಅಂತ ಬರೆಯುವ ವರದಿಗಳನ್ನು ಓದಿದ್ದೇನೆ, ಓದಿದಾಗಲೆಲ್ಲ ಸಂಕಟವಾಗುತ್ತದೆ. ಏಪ್ರಿಲ್‌ನಲ್ಲಿ ಕೋಲಾರದ ಯಾವುದಾದರೂ ಕೆರೆ ಅಂಗಳ ದಟ್ಟ ಹಸಿರಾಗಿ ಕಂಡರೆ ಬಹಳ ಸಲ ಅದು ಬಳ್ಳಾರಿ ಜಾಲಿ. ಹೊಲಗಳ ನಡುವೆ ಬೇಸಿಗೆಯಲ್ಲೂ ಮಾಸದ ಹಸಿರು ಅಂದರೆ ನೀಲಗಿರಿ ಇರಬಹುದು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ರೈತರು ರಾಗಿ ಹೊಲಗಳಿಗೇ ನೀಲಗಿರಿ ಹಾಕಿದರು. ಆಳು ಬೇಡ, ಕಾವಲು ಬೇಡ, ಬೆಂಗಳೂರಿಗೆ ಕೆಲಸಕ್ಕೆ ಹೋದವರ ಜಮೀನೂ ಪಾಳು ಬೀಳಲ್ಲ ಅನ್ನೋ ಲೆಕ್ಕ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಸಿರು ಎಷ್ಟಿದೆ ಅಂತ ಉಪಗ್ರಹ ಹೇಳುತ್ತದೆ. ಅದರ ಹಿಂದಿರುವ ಕೂಲಿ, ಸಾಲ, ವಲಸೆಯ ಕತೆ ಊರಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ.

ಜಾಲಿಯ ವಿಷಯದಲ್ಲೂ ಹೀಗೇ. ಕೆರೆಯ ದೃಷ್ಟಿಯಿಂದ ಅದನ್ನು ಬುಡಸಮೇತ ಕೀಳಬೇಕು, ನನ್ನ ಅಭಿಪ್ರಾಯವೂ ಅದೇ. ಆದರೆ ಹೆಂಗಸರ ನಕ್ಷೆಯಲ್ಲಿ ಸೌದೆಯ ದಾರಿ ಹೋಗುವುದು ಅದೇ ಜಾಲಿ ಮೆಳೆಗೆ. ಅದರ ಕಾಯಿ ಮೇಕೆಗೆ ಮೇವು. ಹಾಗಾಗಿ ನಮ್ಮ ವರದಿಯಲ್ಲಿ ಜಾಲಿ ತೆಗೆಯುವ ಮಾತಿನ ಜೊತೆಗೇ ಸೌದೆಗೆ ಗೋಮಾಳದಲ್ಲಿ ಏನು ಬೆಳೆಸಬಹುದು ಅನ್ನೋದನ್ನೂ ಬರೆದೆವು.

2018ರಿಂದ ಕೋಲಾರದ ಕೆರೆಗಳನ್ನು ಓದುವುದು ಇನ್ನೂ ಕಷ್ಟವಾಗಿದೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲ ಹೆಚ್ಚಲಿ ಅನ್ನೋದು ಉದ್ದೇಶ. ಹಾಗಾಗಿ ಮಾರ್ಚ್ ತಿಂಗಳಲ್ಲಿ ತುಂಬಿದ ಕೆರೆ ಕಂಡರೆ ಅದು ಹೋದ ವರ್ಷದ ಮಳೆಯೇ ಅಂತ ಹೇಳಲಾಗದು. ದೂರದ ಬೆಂಗಳೂರಿನ ಬಚ್ಚಲ ನೀರೂ ಆಗಿರಬಹುದು. ಬೋರಿಗೆ ನೀರು ಬಂತು ಅಂತ ಸಂತೋಷ ಪಡುವ ರೈತರೂ ಸಿಗುತ್ತಾರೆ. ಮೂರನೇ ಹಂತದ ಸಂಸ್ಕರಣೆ ಆಗಲೇಬೇಕು ಅಂತ ಹೋರಾಡುವವರೂ ಸಿಗುತ್ತಾರೆ. ಇಬ್ಬರ ಮಾತನ್ನೂ ನಾವು ಬರೆದುಕೊಳ್ಳುತ್ತೇವೆ. ಕುಡಿಯುವ ನೀರಿನ ಮೇಲೆ ಇದರ ಪರಿಣಾಮವನ್ನು ಬಿಡದೆ ಪರೀಕ್ಷಿಸುತ್ತಾ ಇರಬೇಕು ಅನ್ನೋದು ನನ್ನ ಗಟ್ಟಿ ನಿಲುವು.

ಅಮೆರಿಕದ ಭೂಗೋಳಜ್ಞ ಕಾರ್ಲ್ ಸಾವರ್ 1925ರಷ್ಟು ಹಿಂದೆಯೇ ಒಂದು ಮಾತು ಹೇಳಿದ್ದರು: ನಮ್ಮ ಕಣ್ಣಿಗೆ ಕಾಣುವ ನೆಲ ಬರೀ ಪ್ರಕೃತಿ ಮಾಡಿದ್ದಲ್ಲ, ಜನರ ಬದುಕು ಅದರ ಮೇಲೆ ಕೆಲಸ ಮಾಡಿ ರೂಪಿಸಿದ್ದು. ಕಾಲೇಜಲ್ಲಿ ಇದನ್ನು ಪರೀಕ್ಷೆಗೆ ಅಂತ ಸುಮ್ನೆ ಓದಿದ್ದೆ. ಮೊಣಕಾಲೆತ್ತರದ ಆ ಪೈಪಿನ ಮುಂದೆ ನಿಂತಾಗ ಅದರ ಅರ್ಥ ಪೂರ್ತಿ ಆಯಿತು.

ಕೆಳಗಿನ ಊರಿನ ಪಂಚಾಯಿತಿಗೆ ನಾವು ಕೊಟ್ಟಿದ್ದು ಒಂದೇ ಹಾಳೆ. ಒಂದು ಪಕ್ಕ ಹಳೆಯ ಗ್ರಾಮ ನಕ್ಷೆ, ಇನ್ನೊಂದು ಪಕ್ಕ ಹೆಂಗಸರ ರಂಗೋಲಿ ನಕ್ಷೆಯ ಫೋಟೋ, ನಡುವೆ ಆ ಮೂರು ಚಿತ್ರಗಳು. ಮೇಲಿನ ಊರು ಬೇರೆ ಪಂಚಾಯಿತಿ, ಹಾಗಾಗಿ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಲು ಓಡಾಡಬೇಕಾಯಿತು. ಪೈಪು ತೆಗೆದು ಅಗಲವಾದ ಮೋರಿ ಕಟ್ಟುವ ಕೆಲಸ ಈಗ ಕ್ರಿಯಾ ಯೋಜನೆಗೆ ಸೇರಿದೆ. ಮೋರಿ ಆದರೆ ಕಾಲುವೆ ಜಾಗ ಬಿಟ್ಟುಕೊಡುತ್ತೇವೆ ಅಂತ ಟೊಮೆಟೊ ಬೆಳೆದ ಮನೆಯವರೇ ಸಭೆಯಲ್ಲಿ ಎದ್ದು ಹೇಳಿದರು. ಕುಂಟೆಯನ್ನೂ ಹೂಳೆತ್ತಬೇಕು ಅಂತ ಹೆಂಗಸರು ಪಟ್ಟು ಹಿಡಿದಿದ್ದಾರೆ. ಅದರ ಅಳತೆಗೆ ಮುಂದಿನ ವಾರ ಮತ್ತೆ ಹೋಗಬೇಕು.