ಮಣ್ಣಿನ ರುಚಿ ನೋಡಿದವರು

ನಮ್ಮ ಕಾಲೇಜಿನ ಹುಡುಗನೊಬ್ಬ, ಅಂದರೆ ಹೊಸದಾಗಿ ಸೇರಿದ ಗಣಿತದ ಮೇಷ್ಟ್ರು, ಹುಮನಾಬಾದಿನಲ್ಲಿ ಮದುವೆಯಾದ. ಡಿಸೆಂಬರ್ ಮೊದಲ ವಾರ. ನಾನು ತುಮಕೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಿದ್ದೆ. ಅಲ್ಲಿ ನಾನು ಪಿಯುಸಿಗೆ ಕೆಮಿಸ್ಟ್ರಿ ಹೇಳುತ್ತೇನೆ ಅಂತ ಯಾರಿಗೋ ಗೊತ್ತಾಯಿತು. ಅಷ್ಟೇ ಸಾಕಾಯಿತು. ಊಟಕ್ಕೆ ಕೂತಾಗ ಎಲೆಯ ಪಕ್ಕಕ್ಕೇ ಯಾರದೋ ಮಗನ ಮಾರ್ಕ್ಸ್ ಕಾರ್ಡ್ ಬಂತು. ಹುಗ್ಗಿ ಚೆನ್ನಾಗಿತ್ತು, ಆದರೆ ಎರಡನೇ ದಿನಕ್ಕೆ ಇನ್ನು ಆಗಲ್ಲ ಅನಿಸಿತು. ಬೆಳಿಗ್ಗೆ ಎದ್ದು ಬೀದರ್ ಬಸ್ ಹತ್ತಿದೆ.

ಬೀದರಿನಲ್ಲಿ ಚೌಬಾರಾ ಅಂತ ಒಂದು ದುಂಡನೆ ಕಾವಲು ಗೋಪುರ ಇದೆ. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ನಿಂತು ಎಲ್ಲ ಕಡೆಯೂ ನೋಡುತ್ತಿರುತ್ತದೆ. ಅದರ ಆಸುಪಾಸಿನಲ್ಲೇ ಬಿದ್ರಿ ಅಂಗಡಿಗಳು. ಗಾಜಿನ ಹಿಂದೆ ಕಪ್ಪು ಹೂಜಿ, ಕಪ್ಪು ತಟ್ಟೆ, ಅದರ ಮೇಲೆ ಬೆಳ್ಳಿಯ ಬಳ್ಳಿ. ಅಂಗಡಿಯಲ್ಲಿ ನಿಂತು ಬೆಲೆ ಕೇಳಿದೆ. ಮೇಷ್ಟ್ರ ಸಂಬಳಕ್ಕೆ ಒಂದು ಕೀ ಚೈನ್ ಆಗಬಹುದಿತ್ತು. ನನ್ನ ಮುಖ ನೋಡಿ ಅಂಗಡಿಯವನೇ ಹೇಳಿದ: "ಹಿಂದಿನ ಗಲ್ಲಿಗ ಹೋಗ್ರಿ. ಅಲ್ಲಿ ಕೆಲಸ ನೋಡಬಹುದು, ರೊಕ್ಕ ಹತ್ತಂಗಿಲ್ಲ."

ಗಲ್ಲಿಯಲ್ಲಿ ಬಾಗಿಲು ತೆರೆದಿದ್ದ ಒಂದು ಕೋಣೆ. ಒಳಗೆ ಎಪ್ಪತ್ತು ದಾಟಿದ ಚಾಚಾ, ಜೊತೆಗೆ ಇಬ್ಬರು ಹುಡುಗರು. ಒಬ್ಬ ಅರದಿಂದ ಹೂದಾನಿಯೊಂದನ್ನು ಉಜ್ಜುತ್ತಿದ್ದ. ಹಲ್ಲು ಜುಮ್ಮೆನ್ನುವ ಸದ್ದು.

"ತಗೊಳ್ಳಲಿಕ್ಕ ಬಂದೀರೋ, ನೋಡಲಿಕ್ಕ ಬಂದೀರೋ?"

"ಕೇಳೋಕೆ ಬಂದೆ ಚಾಚಾ."

"ಹಂಗಾದ್ರ ಕೂಡ್ರಿ. ಚಾ ಹೇಳ್ತೀನಿ."

ಹೂದಾನಿ ಇನ್ನೂ ಬೂದು ಬಣ್ಣದಲ್ಲಿತ್ತು. 16 ಪಾಲು ಸತು, 1 ಪಾಲು ತಾಮ್ರ ಸೇರಿಸಿ ಎರಕ ಹೊಯ್ದದ್ದು. ಮಣ್ಣಿಗೆ ಔಡಲೆಣ್ಣೆ, ರಾಳ ಕಲಸಿ ಅಚ್ಚು ಮಾಡುತ್ತಾರೆ. ಇಲ್ಲಿ ನನ್ನೊಳಗಿನ ಮೇಷ್ಟ್ರು ಎದ್ದು ಕೂತ. ಸತು ಕರಗೋದು 419 ಡಿಗ್ರಿಗೆ. 907ಕ್ಕೆ ಕುದ್ದು ಆವಿಯಾಗಿ ಹೋಗುತ್ತೆ. ತಾಮ್ರ ಕರಗೋಕೇ 1085 ಬೇಕು. ಅಂದರೆ ತಾಮ್ರ ಕರಗುವ ಹೊತ್ತಿಗೆ ಸತು ಎಲ್ಲಾ ಹೊಗೆಯಾಗಿರಬೇಕು, ಅಲ್ವಾ? ಚಾಚಾನನ್ನು ಸಿಕ್ಕಿಹಾಕಿಸಿದೆ ಅಂದುಕೊಂಡು ಇದನ್ನೇ ಕೇಳಿದೆ.

ಅಷ್ಟರಲ್ಲಿ ಚಹಾ ಬಂದಿತ್ತು. ಚಾಚಾ ಲೋಟ ತೋರಿಸಿದರು.

"ಮಾಸ್ತರ್, ಇದರಾಗ ಸಕ್ಕರಿ ಹ್ಯಾಂಗ ಕರಗ್ತು? ಮೊದಲು ಸಕ್ಕರಿ ಬ್ಯಾರೆ ಕಾಸಿ ನೀರು ಮಾಡಿ ಆಮ್ಯಾಲ ಹಾಕಿದ್ರೇನು?"

ಇಪ್ಪತ್ತೆರಡು ವರ್ಷದಿಂದ ದ್ರಾವಣದ ಪಾಠ ಮಾಡುತ್ತಿದ್ದೇನೆ. ಕರಗಿದ ಸತುವಿನಲ್ಲಿ ತಾಮ್ರ ಸಕ್ಕರೆಯ ಹಾಗೆ ಬೆರೆತು ಹೋಗುತ್ತೆ, ಅದಕ್ಕೆ 1085 ಡಿಗ್ರಿ ಬೇಡವೇ ಬೇಡ. ಸುಮ್ಮನೆ ಚಹಾ ಕುಡಿದೆ. ಉರಿ ಜಾಸ್ತಿಯಾದರೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದಕ್ಕೆ, ಮೂಸೆಯಿಂದ ಹತ್ತಿ ಹಾರಿದ ಹಾಗೆ ಬಿಳಿ ಹೊಗೆ ಏಳುತ್ತೆ ಅಂದರು. "ಅದು ಹೊಗಿ ಅಲ್ರಿ, ನಮ್ಮ ರೊಕ್ಕ ಮ್ಯಾಲ ಹೋಗೋದು." ಆ ಹೊಗೆ ಕುಡಿದ ರಾತ್ರಿ ಜ್ವರ ಬರುತ್ತೆ ಅನ್ನೋದನ್ನೂ ಸೇರಿಸಿದರು. ಸತು ಸುಟ್ಟ ಹೊಗೆಗೆ ಜ್ವರ ಬರುವುದು ನಿಜ.

ನಯ ಮಾಡಿದ ಹೂದಾನಿಯ ಮೇಲೆ ಹುಡುಗ ನೀಲಿ ನೀರು ಸವರಿದ. ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ ನೀರು. ನೋಡ ನೋಡುತ್ತಿದ್ದಂತೆ ಬೂದು ಲೋಹ ಕಪ್ಪಾಯಿತು. ಅದರ ಮೇಲೆ ಉಳಿಯ ತುದಿಯಿಂದ ಗೆರೆ ಎಳೆದರೆ, ಹಲಗೆ ಮೇಲೆ ಬಳಪದಲ್ಲಿ ಬರೆದ ಹಾಗೆ ಬಿಳಿ ಗೆರೆ ಕಾಣುತ್ತೆ. ಚಿತ್ರ ಬರೆಯೋಕೆ ಮಾತ್ರ ಈ ಕಪ್ಪು. ಕೊನೆಗೆ ಉಜ್ಜಿದರೆ ಹೋಗುತ್ತೆ.

ಈ ಪ್ರಯೋಗವನ್ನು ನಾನು ಪ್ರತಿ ವರ್ಷ ಮಾಡಿಸುತ್ತೇನೆ. ಮೈಲುತುತ್ತದ ದ್ರಾವಣದಲ್ಲಿ ಸತುವಿನ ಕಡ್ಡಿ ಇಡಿ, ನೀಲಿ ಬಣ್ಣ ಕಡಿಮೆ ಆಗೋದನ್ನು ಬರೆದುಕೊಳ್ಳಿ. ಕಡ್ಡಿಯ ಮೇಲೆ ತಾಮ್ರ ಸಣ್ಣ ಪುಡಿಯಾಗಿ ಕೂತು ಕಪ್ಪಾಗುತ್ತೆ. ಅದನ್ನು ಯಾರೂ ಬರೆದುಕೊಳ್ಳಲ್ಲ. ಪ್ರಯೋಗ ಮುಗಿದ ಮೇಲೆ "ಕಡ್ಡಿ ಗಲೀಜಾಗಿದೆ, ಉಜ್ಜಿಡ್ರೋ" ಅಂತ ನಾನೇ ಬೈಯುತ್ತೇನೆ. ಆ ಗಲೀಜನ್ನೇ ಇಲ್ಲಿ ಹಲಗೆ ಮಾಡಿಕೊಂಡಿದ್ದಾರೆ.

ಬೆಳ್ಳಿ ಕೂರಿಸುವ ಕೆಲಸವನ್ನು ಬರೆದು ತೋರಿಸಲಾರೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್. ಅಂಟು ಇಲ್ಲ, ಬೆಸುಗೆ ಇಲ್ಲ. ಹುಡುಗನ ಉಸಿರೂ ನಿಧಾನವಾಗಿತ್ತು. ತಂತಿ ಕೂರಿಸುವುದಕ್ಕೆ ತಾರ್‌ಕಶಿ ಅನ್ನುತ್ತಾರೆ.

ಕೊನೆಯದು ಮಣ್ಣು. ಬೆಳ್ಳಿ ಕೂರಿಸಿ, ಉಜ್ಜಿ ಮುಗಿದಾಗ ಇಡೀ ಪಾತ್ರೆ ಬೆಳ್ಳಗಿರುತ್ತೆ. ಬೆಳ್ಳಿ ಯಾವುದು, ಲೋಹ ಯಾವುದು ಗೊತ್ತಾಗಲ್ಲ. ಆಗ ಬೀದರ್ ಕೋಟೆಯ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್ ಸೇರಿಸಿ ನೀರಲ್ಲಿ ಕುದಿಸಿ, ಆ ನೀರಲ್ಲಿ ಪಾತ್ರೆಯನ್ನು ತಿರುಗಿಸುತ್ತಾರೆ. ಲೋಹ ಕಡುಗಪ್ಪಾಗುತ್ತೆ. ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತೆ. ಈ ಕಪ್ಪು ಉಜ್ಜಿದರೆ ಹೋಗುವಂಥದ್ದಲ್ಲ. ಒಮ್ಮೆ ಮಗ ತಾಮ್ರ ಮರೆತು ಬರೀ ಸತುವಲ್ಲೇ ಎರಕ ಹೊಯ್ದಿದ್ದನಂತೆ. ಎಷ್ಟು ಮುಳುಗಿಸಿದರೂ ಬೂದಿ ಬಣ್ಣ. ಮೇಲ್ಮೈಯ ಸತು ಕರಗಿ ಹೋಗಿ, ಹಿಂದೆ ಉಳಿದ ತಾಮ್ರವೇ ಆ ಕಪ್ಪು ಪದರ ಕಟ್ಟೋದು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಇರೋದು ಅದಕ್ಕೇ.

"ಯಾವ ಮಣ್ಣಾದ್ರೂ ಆಗುತ್ತಾ?"

ಚಾಚಾ ಎದ್ದು ಡಬ್ಬಿ ತಂದರು. ಒಂದು ಚಿಟಿಕೆ ತೆಗೆದು ತಾವು ನಾಲಿಗೆಗೆ ಹಚ್ಚಿಕೊಂಡರು. ಇನ್ನೊಂದು ಚಿಟಿಕೆ ನನ್ನ ಅಂಗೈಗೆ.

"ಬಿಸಿಲು ಮಳಿ ಕಾಣದ ಜಾಗದ್ದು. ನೋಡ್ರಿ."

ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಇಡಬಾರದು ಅಂತ ಬೋರ್ಡ್ ಬರೆಸಿ ಹಾಕಿದವನು ನಾನು. ಆದರೂ ಇಟ್ಟೆ. ಮೊದಲು ಉಪ್ಪು. ಆಮೇಲೆ ನಾಲಿಗೆ ತುದಿ ತಣ್ಣಗಾದ ಹಾಗೆ. ಆ ತಣ್ಣನೆ ನನಗೆ ಗುರುತು ಸಿಕ್ಕಿತು. ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಕರಗುವಾಗ ಸುತ್ತಲಿನ ಶಾಖ ಎಳೆದುಕೊಳ್ಳುತ್ತೆ. ಹಳೇ ಗೋಡೆ, ಲಾಯ, ಕತ್ತಲ ಕೋಣೆಗಳ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನು ಈ ಉಪ್ಪಾಗಿ ಮಾಡುತ್ತವೆ. ನೀರಲ್ಲಿ ಇದು ಬೇಗ ಕರಗುತ್ತೆ. ಒಂದು ಮಳೆ ಬಿದ್ದರೆ ತೊಳೆದು ಹೋಗುತ್ತೆ. "ಮಳಿ ಕಾಣದ ಮಣ್ಣು" ಅನ್ನೋದು ನಂಬಿಕೆಯ ಮಾತು ಅಂದುಕೊಂಡಿದ್ದೆ. ಅದು ಪಕ್ಕಾ ಕೆಮಿಸ್ಟ್ರಿ.

"ಹದ ಬಂದದೋ ಇಲ್ಲೋ ನಾಲಿಗಿ ಹೇಳ್ತದ. ಸಪ್ಪಗಿದ್ರ ಬಿಟ್ಟು ಬರ್ತೀವಿ" ಅಂದರು ಚಾಚಾ. ಈಗ ಒಳ್ಳೆಯ ಮಣ್ಣು ಸಿಗೋದು ಕಷ್ಟವಂತೆ. ನೂರಾರು ವರ್ಷ ತಗೊಂಡು ಕೂಡಿದ ಉಪ್ಪು, ವರ್ಷಕ್ಕೊಮ್ಮೆ ಬೆಳೆಯುವ ಬೆಳೆಯಲ್ಲ. 2023ರಲ್ಲಿ ಇಲ್ಲಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತಲ್ಲ, ಕೆಲಸ ಜಾಸ್ತಿ ಆಯ್ತಾ ಅಂತ ಕೇಳಿದೆ. ನಕ್ಕರು. "ಮಂದಿ ಜಾಸ್ತಿ ಬರ್ತಾರ. ಅವರ ಮನಿ ಎಲ್ಲಿ ಅಂತ ಕೇಳಿ ಹೋಗ್ತಾರ." ಹೊರಡುವಾಗ ಒಂದಿಷ್ಟು ಮಣ್ಣನ್ನು ಉರ್ದು ಪೇಪರಿನ ತುಂಡಲ್ಲಿ ಕಟ್ಟಿ ಕೊಟ್ಟರು. ಮಕ್ಕಳಿಗೆ ತೋರಿಸಿ ಅಂತ.

ಮಧ್ಯಾಹ್ನ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ ನೋಡಿದೆ. 1472ರಲ್ಲಿ ಕಟ್ಟಿದ್ದು. ಮೂರು ಸಾವಿರ ಹಸ್ತಪ್ರತಿ ಇದ್ದ ಗ್ರಂಥಾಲಯವಂತೆ. ಈಗ ಮುಂದಿನ ಒಂದು ಮಿನಾರು, ಅದರ ಮೈಮೇಲೆ ಅಲ್ಲಲ್ಲಿ ಉಳಿದ ನೀಲಿ ಹಸಿರು ಹೆಂಚು. ಅರ್ಧ ಕಟ್ಟಡ ಇಲ್ಲ. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಹೋಯಿತು ಅನ್ನುತ್ತಾರೆ. ಮದ್ದಿನ ಮುಕ್ಕಾಲು ಭಾಗ ಪೆಟ್ಲುಪ್ಪೇ. ಜೇಬಲ್ಲಿದ್ದ ಪೊಟ್ಟಣ ಮುಟ್ಟಿ ನೋಡಿಕೊಂಡೆ.

ಮರುದಿನ ನೌಬಾದಿಗೆ ಹೋದೆ, ಕರೇಜ್ ನೋಡಲು. ಲಾಡ್ಜಿನವರ ಪರಿಚಯದ ಹುಡುಗ ಬೈಕ್ ತಂದಿದ್ದ. ಸಿವಿಲ್ ಡಿಪ್ಲೊಮಾ ಮಾಡಿದ್ದಾನೆ, ಕೆಲಸ ಹುಡುಕುತ್ತಿದ್ದಾನೆ, ನಡುವೆ ನನ್ನಂಥವರನ್ನು ಸುತ್ತಿಸುತ್ತಾನೆ. ಕರೇಜ್ ಅಂದರೆ ಭೂಮಿಯೊಳಗಿನ ನೀರಿನ ಸುರಂಗ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಪರ್ಷಿಯಾದಿಂದ ತಂದ ವಿದ್ಯೆ. ಕಿಲೋಮೀಟರುಗಟ್ಟಲೆ ಸಾಗುವ ಸುರಂಗಕ್ಕೆ ಅಲ್ಲಲ್ಲಿ ಮೇಲಿಂದ ಬಾವಿಯ ಹಾಗೆ ಕಿಂಡಿಗಳು. ನೌಬಾದಿನದಕ್ಕೆ ಅಂಥವು 20ಕ್ಕೂ ಹೆಚ್ಚು. ಅಗೆದ ಮಣ್ಣು ಮೇಲೆತ್ತಲು, ಗಾಳಿ ಬೆಳಕು ಕೆಳಗಿಳಿಯಲು. ಹೂತು ಹೋಗಿದ್ದ ಇದರ ಜಾಡನ್ನು ಕೇರಳದ ಭೂಗೋಳ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿ ನಡೆದು ನಡೆದು ನಕ್ಷೆ ಮಾಡಿದರು. ಆಮೇಲೆ ಜಿಲ್ಲಾಡಳಿತ ಹೂಳು ತೆಗೆಸಿತು.

ಒಳಗೆ ತಂಪು. ಮೊಣಕಾಲಿಗಿಂತ ಕೆಳಗೆ ನೀರು. ಹುಡುಗ ಟಾರ್ಚ್ ಆರಿಸಿ ಅಂದ. ಆರಿಸಿದೆ. ದೂರದಲ್ಲಿ ಕಿಂಡಿಯ ಬೆಳಕು ನೀರಿನ ಮೇಲೆ ರೊಟ್ಟಿಯಷ್ಟು ದುಂಡಗೆ ಬಿದ್ದಿತ್ತು. ಹಾಗೇ ಮುಂದೆ ಹೆಜ್ಜೆ ಇಟ್ಟವನ ಬಲಗಾಲಿನ ಚಪ್ಪಲಿ ಕೆಸರಲ್ಲಿ ಹೂತುಕೊಂಡಿತು. ಇಬ್ಬರೂ ಬಗ್ಗಿ ತಡಕಾಡಿ ಎಳೆದೆವು.

ಬೀದರ್ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದು ತೂತು ತೂತು, ಸ್ಪಂಜಿನ ಹಾಗೆ ಮಳೆ ನೀರು ಕುಡಿಯುತ್ತೆ. ಅದರ ಕೆಳಗೆ ಜೇಡಿಯಂಥ ಪದರ, ಅದರ ಕೆಳಗೆ ಕರಿ ಕಲ್ಲು. ನೀರು ಅಲ್ಲಿಗೆ ಬಂದು ನಿಲ್ಲುತ್ತೆ. ಸುರಂಗ ಕೊರೆದಿರೋದು ಆ ನಿಂತ ನೀರು ಹರಿದು ಬರಲಿ ಅಂತ. ಇಳಿಜಾರು ಜಾಸ್ತಿಯಾದರೆ ನೀರು ನೆಲ ಕೊರೆಯುತ್ತೆ. ಕಡಿಮೆಯಾದರೆ ಹೂಳು ಕೂರುತ್ತೆ.

"ನಾ ನೆಲದ ಮಟ್ಟ ಅಳಿಯೋ ಡಂಪಿ ಲೆವೆಲ್ ಹಿಡಿದು ಡಿಪ್ಲೊಮಾ ಮಾಡೀನಿ ಸರ್. ಅದರಾಗೂ ತಪ್ಪು ಬರ್ತಿತ್ತು. ಇವರು ನೀರು ಹಿಡಿದು ಮಾಡ್ಯಾರ."

"ಅಂದ್ರೆ?"

"ನೀರೇ ಲೆವೆಲ್ ಅಲ್ರಿ? ಕೆಳಗಿನ ಬಾಯಿಂದ ಅಗಕೋತ ಮ್ಯಾಲ ಹೋದ್ರ, ಬಂದ ನೀರು ಹಿಂದಕ ಹರಿತದ. ನಿಂತರ ನಿಮ್ಮ ಇಳಿಜಾರು ತಪ್ಪು."

ಇಂಥ ಹುಡುಗನಿಗೆ ಕೆಲಸ ಸಿಕ್ಕಿಲ್ಲ ಅನ್ನೋದು ನನಗೆ ಬೀದರಿನಲ್ಲಿ ಕಂಡ ದೊಡ್ಡ ವಿಚಿತ್ರ. ಮೇಲೆ ಬಂದ ಮೇಲೆ ಸುತ್ತಲಿನ ಮನೆಗಳ ಬೋರ್‌ವೆಲ್ ತೋರಿಸಿದ. ಮೇಲಿನಿಂದ ಅವೂ ಇದೇ ನೀರನ್ನು ಎಳೆಯುತ್ತವೆ. ಅವನ ಮನೆಯಲ್ಲೂ ಒಂದು ಇದೆ. "ಏನ್ ಮಾಡ್ಲಿ ಸರ್, ನಳ ವಾರಕ್ಕೊಮ್ಮೆ ಬರ್ತದ."

ಸಂಜೆ ಕಲಬುರಗಿಗೆ ರೈಲು. ಬೀದರ್-ಕಲಬುರಗಿ ಹಳಿ ಶುರುವಾದದ್ದು 2017ರ ಅಕ್ಟೋಬರಿನಲ್ಲಿ. ಎದುರು ಸೀಟಿನಲ್ಲಿ ಅರವತ್ತು ದಾಟಿದ ಒಬ್ಬ ಮೇಡಂ. ಕಿಟಕಿಯಾಚೆ ತೊಗರಿ ಹೊಲ ನೋಡುತ್ತಾ ಬೆರಳು ಮಡಚಿ ಏನೋ ಎಣಿಸುತ್ತಿದ್ದರು. ಒಣಗಿದ ಗಿಡ ಎಣಿಸುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ತೊಗರಿ ರೋಗದ ಮೇಲೆ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಚಟ ಬಿಟ್ಟಿಲ್ಲ.

ನೆಟೆ ರೋಗ ಅಂದರೆ ಏನು ಅಂತ ಹೇಳಿದರು. ಮಣ್ಣಿನಲ್ಲಿರುವ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳ ಕಟ್ಟಿಬಿಡುತ್ತೆ. ನೆಲದಲ್ಲಿ ಹಸಿ ಇದ್ದರೂ ಗಿಡ ನೀರಿಲ್ಲದೆ ಸಾಯುತ್ತೆ, ಅದೂ ಹೂವು ಕಾಯಿ ಹಿಡಿಯುವ ಹೊತ್ತಿಗೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಬೆಳೆ ತೆಗೆದರೂ ಅದು ವರ್ಷಗಟ್ಟಲೆ ಮಣ್ಣಲ್ಲೇ ಉಳಿಯುತ್ತೆ. 1986ರಲ್ಲಿ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆಯ, ಈ ರೋಗ ತಡೆಯುವ 'ಮಾರುತಿ' ತಳಿ ಕರ್ನಾಟಕಕ್ಕೆ ಬಂದ ಮೇಲೆ ಈ ಕಡೆಯ ರೈತರು ಉಸಿರಾಡಿದರು. ಆಮೇಲೆ ಕಲಬುರಗಿಯ ಸಂಶೋಧನಾ ಕೇಂದ್ರದಿಂದಲೇ ಟಿಎಸ್-3ಆರ್ ಬಂತು.

"ತಳಿ ರೋಗ ತಡೀತದ ಅಂತ ಹ್ಯಾಂಗ ಗೊತ್ತಾಗಬೇಕು, ಹೇಳ್ರಿ. ರೋಗ ಇರೋ ಮಣ್ಣಾಗೇ ಬಿತ್ತಬೇಕು. ಅದಕ್ಕ ನಾವು ಒಂದು ಹೊಲಾನ ರೋಗಿಷ್ಟ ಮಾಡಿ ಇಟ್ಟಿರ್ತೀವಿ."

"ಬೇಕಂತಲೇ?"

"ಬೇಕಂತಲೇ. ಸತ್ತ ಗಿಡ ತುಂಡು ಮಾಡಿ ಅಲ್ಲೇ ಮಣ್ಣಾಗ ಕಲಸ್ತೀವಿ. ಪ್ರತಿ ವರ್ಷ ತೊಗರೀನೇ ಬಿತ್ತೋದು. ಉಳಿದ ರೈತರು ರೋಗ ಹೋಗ್ಲಿ ಅಂತ ಶರಣಬಸಪ್ಪಗ ಕಾಯಿ ಒಡೀತಾರ. ನಾವು ಹೋಗದಿರಲಿ ಅಂತ."

ಪರೀಕ್ಷೆಯ ಸಾಲುಗಳ ನಡುವೆ ಒಂದೊಂದು ಸಾಲು ಸಾಯುವ ತಳಿ ಹಾಕುತ್ತಾರಂತೆ. ಅದು ಪೂರ್ತಿ ಸಾಯಬೇಕು. ಒಂದು ವರ್ಷ ಆ ಸಾಲು ಅರ್ಧ ಹಸಿರಾಗೇ ನಿಂತುಬಿಟ್ಟಿತು. ನೋಡಲು ಬಂದವರೆಲ್ಲ ಬೆಳೆ ಚಲೋ ಬಂದದ ಅಂದರು. ಮೇಡಂ ಮನೆಗೆ ಹೋಗಿ ಊಟ ಬಿಟ್ಟರು. "ಸಾಯಬೇಕಾದದ್ದು ಸಾಯಲಿಲ್ಲ ಅಂದ್ರ ಬದುಕಿದ್ದರ ಲೆಕ್ಕ ಸುಳ್ಳು ಆತು. ಇಡೀ ವರ್ಷದ್ದು ದಂಡ."

ಸಪ್ಪೆಯಾದ ಮಣ್ಣು ಬಿಟ್ಟು ಬರುವ ಚಾಚಾ ನೆನಪಾದರು. ಮೇಡಂಗೆ ಅವರ ಕತೆ ಹೇಳಿದೆ. ನಾಲಿಗೆಯ ತಣ್ಣನೆ, ಮಳೆ ಕಾಣದ ಜಾಗ, ಎಲ್ಲಾ. ಗಮನ ಕೊಟ್ಟು ಕೇಳಿದರು. ರೈಲು ಸುರಂಗದೊಳಗೆ ಹೋಯಿತು, ಹೊರಗೆ ಬಂತು. ಕಮಲಾಪುರದಲ್ಲಿ ಅವರು ಕೆಂಪು ಬಾಳೆಹಣ್ಣು ತಗೊಂಡರು, ನನಗೂ ಎರಡು ಕೊಟ್ಟರು. ನನ್ನ ಚಪ್ಪಲಿಗೆ ಅಂಟಿದ್ದ ಕರೇಜಿನ ಕೆಸರು ನೋಡಿ, "ಇದನ್ನ ಹಾಕ್ಕೊಂಡು ನಮ್ಮ ಪ್ಲಾಟಿಗೆ ಬಂದಿದ್ರ ಬೈಸಿಕೊಳ್ತಿದ್ರಿ. ಬರೋವಾಗಲ್ಲ, ಹೋಗೋವಾಗ ತೊಳಿಸ್ತಿದ್ದೆ" ಅಂದರು.

ನಾನು ಪೊಟ್ಟಣ ಬಿಚ್ಚಿ ಮುಂದೆ ಹಿಡಿದೆ. ಕನ್ನಡಕ ಹಣೆಗೇರಿಸಿ, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದರು.

"ನಾಲಿಗೆಗೆ ಇಟ್ಟು ನೋಡಿ ಮೇಡಂ."

ಪೊಟ್ಟಣ ಮಡಚಿ ನನಗೇ ವಾಪಸ್ ಕೊಟ್ಟರು.

"ಬ್ಯಾಡ್ರೀಪಾ. ಮಣ್ಣಾಗ ಏನೇನು ಇರ್ತಾವಂತ ನನಗ ಗೊತ್ತದ."