ಹೊರಗೆ ಕೂತದ್ದು ಒಂದು ಶಿಫ್ಟ್, ಕಟ್ ಆದದ್ದು ಎಂಟು ದಿನ

ಸಂಬಳದ ಚೀಟಿ ಕೈಗೆ ಬಂದ ದಿನ ಪ್ಯಾಕಿಂಗ್‌ನ ಹೆಂಗಸರು ಟೈಮ್ ಆಫೀಸಿನ ಕಿಟಕಿಗೆ ಸಾಲಾಗಿ ಬಂದರು. "ಅಣ್ಣಾ, ನಾವು ಕೂತದ್ದು ಒಂದೇ ಶಿಫ್ಟ್ ಅಲ್ವಾ? ಎಂಟು ದಿನದ್ದು ಎಂತಕ್ಕೆ ಕಟ್ ಮಾಡಿದ್ದು?" ಆ ಚೀಟಿ ಮಾಡಿದವನು ನಾನು. ಯೂನಿಯನ್‌ಗೆ ಚಂದಾ ಕೊಡುವವನೂ ಹೌದು. ಕಿಟಕಿಯಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮಂಗಳೂರಿನ ಬೈಕಂಪಾಡಿಯ ಒಂದು ಫ್ಯಾಕ್ಟರಿ. ಹಳೆ ವೇತನ ಒಪ್ಪಂದ ಮುಗಿದು ಹೊಸ ಬೇಡಿಕೆ ಪಟ್ಟಿ ಲೇಬರ್ ಆಫೀಸಿನಲ್ಲಿ ಸಂಧಾನಕ್ಕೆ, ಅಂದರೆ ಕನ್ಸಿಲಿಯೇಷನ್‌ಗೆ, ಹೋಗಿತ್ತು. ಪ್ರತಿ ಸಲ ಏನಾದರೊಂದು ನೆಪ ಹೇಳಿ ಮ್ಯಾನೇಜ್‌ಮೆಂಟ್ ದಿನಾಂಕ ಮುಂದೆ ಹಾಕಿಸುತ್ತಿತ್ತು. ಎಲ್ಲರಿಗೂ ಸಿಟ್ಟು ಏರಿತ್ತು. ಅಂಥ ಒಂದು ಮಧ್ಯಾಹ್ನ, ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆಸಿದ ಎಂದು ಒಬ್ಬ ಹುಡುಗನಿಗೆ ಗೇಟಿನಲ್ಲೇ ಸಸ್ಪೆನ್ಷನ್ ಕಾಗದ ಕೊಟ್ಟರು. ಅದೂ ಶಿಫ್ಟ್ ಬದಲಾಗುವ ಹೊತ್ತಿಗೆ. "ಏರ್ಲಾ ಉಲಾಯಿ ಪೋವೊಡ್ಚಿ", ಯಾರೂ ಒಳಗೆ ಹೋಗಬೇಡಿ ಎಂದು ಯಾರೋ ತುಳುವಿನಲ್ಲಿ ಕೂಗಿದರು. ಬಿ ಶಿಫ್ಟ್‌ನ ಒಬ್ಬರೂ ಒಳಗೆ ಕಾಲಿಡಲಿಲ್ಲ, ಗೇಟಿನ ಹೊರಗೇ ಕೂತರು.

ನಾನು ಒಳಗಿದ್ದೆ. ಎಚ್‌ಆರ್ ಮ್ಯಾನೇಜರ್ ಬಂದು ಪಂಚಿಂಗ್ ಲಿಸ್ಟ್ ಕೇಳಿದರು. ಗದರಲಿಲ್ಲ, ಗಡಿಬಿಡಿಯೂ ಇರಲಿಲ್ಲ. ಲಿಸ್ಟ್ ಪ್ರಿಂಟ್ ಆಗುವಾಗ ಫೋನಿನಲ್ಲಿ ವಕೀಲರಿಗೆ ಹೇಳುತ್ತಿದ್ದರು: "ನೋಟಿಸ್ ಕೊಟ್ಟಿಲ್ಲ ಸರ್. ಕನ್ಸಿಲಿಯೇಷನ್ ನಡೀತಾ ಇದೆ. ಹತ್ತು ಜನಕ್ಕಿಂತ ಜಾಸ್ತಿ ಇದ್ದಾರೆ." ಆ ಕಡೆಯಿಂದ ಏನು ಹೇಳಿದರೋ, ಇವರು "ಸರಿ ಸರಿ" ಎಂದು ಫೋನ್ ಇಟ್ಟರು. ಹೊರಗೆ ಘೋಷಣೆ ಜೋರಾಗಿತ್ತು. ಸೆಕ್ಯೂರಿಟಿಯವನು ಮೊಬೈಲ್‌ನಲ್ಲಿ ಒಬ್ಬೊಬ್ಬರ ಮುಖ ವಿಡಿಯೊ ಮಾಡುತ್ತಿದ್ದ. ಬೋರ್ಡಿನಲ್ಲಿ ನೋಟಿಸ್ ಬಿತ್ತು: ಇದು ಅಕ್ರಮ ಮುಷ್ಕರ, ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಬನ್ನಿ. ಅದನ್ನು ಓದಿ ಕೆಲವರು ಎದ್ದು ನಿಂತರು. ಪಕ್ಕದವರ ಮುಖ ನೋಡಿ ಮತ್ತೆ ಕೂತರು. ಆ ಅರ್ಧ ಗಂಟೆ ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಫೋನಿನ ಆ ಮೂರು ಮಾತಿನಲ್ಲೇ ಎಲ್ಲ ಇತ್ತು. ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಇದ್ದದ್ದು ರೈಲು, ಕರೆಂಟು, ನೀರಿನಂಥ ಸಾರ್ವಜನಿಕ ಸೇವೆಗಳಿಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎಲ್ಲ ಫ್ಯಾಕ್ಟರಿಗಳಿಗೂ ಹಾಕಿದೆ. ಸಂಧಾನ ನಡೆಯುವಾಗ, ಮುಗಿದ ಮೇಲೂ 7 ದಿನ, ನೋಟಿಸ್ ಕೊಟ್ಟಿದ್ದರೂ ಮುಷ್ಕರ ಮಾಡುವಂತಿಲ್ಲ. ಇನ್ನು ಹತ್ತು ಜನದ ಲೆಕ್ಕ. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ನೋಟಿಸ್ ಇಲ್ಲದೆ, ಸರಿಯಾದ ಕಾರಣ ಇಲ್ಲದೆ ಗೈರಾದರೆ 8 ದಿನದವರೆಗಿನ ಸಂಬಳ ಕಡಿಯಲು ವೇತನದ ಕಾನೂನಿನಲ್ಲಿ ದಾರಿ ಇದೆ. ಆದರೆ ಕೆಲಸದ ಕರಾರಿನಲ್ಲಿ ನೋಟಿಸ್ ಷರತ್ತು ಇರಬೇಕು. ನಮ್ಮ ನೇಮಕಾತಿ ಪತ್ರದಲ್ಲಿ ಅದು ಇದೆ, ಇಂಗ್ಲಿಷಿನಲ್ಲಿ, ಎರಡನೇ ಪುಟದ ಕೆಳಗೆ.

"ನಮ್ಮ ಕಡೆ ನ್ಯಾಯ ಇತ್ತಲ್ಲ" ಎನ್ನುತ್ತಾರೆ. ಇತ್ತು. ಹುಡುಗನ ಮಾತು ಕೇಳದೆ ಗೇಟಿನಲ್ಲಿ ಕಾಗದ ಕೊಟ್ಟದ್ದು ತಪ್ಪೇ. ಆದರೆ ನ್ಯಾಯ ಒಂದೇ ಸಾಲುವುದಿಲ್ಲ. ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನ ಕೇಸಿನಲ್ಲೇ 1994ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಹೇಳಿದೆ. ಮುಷ್ಕರದ ದಿನದ ಸಂಬಳ ಬೇಕಾದರೆ ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ನ್ಯಾಯವಾದದ್ದೂ ಆಗಿರಬೇಕು.

ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಅದೇ ಹೊತ್ತಿಗೆ ನಮ್ಮ ಸೆಕ್ರೆಟರಿ ಲೇಬರ್ ಆಫೀಸಿನಲ್ಲಿ, ಅಧಿಕಾರಿಯ ಮುಂದೆ, ಮ್ಯಾನೇಜ್‌ಮೆಂಟ್‌ನವರ ಎದುರಿಗೇ ಕೂತಿದ್ದರು. ಸಸ್ಪೆನ್ಷನ್ ಸುದ್ದಿಯನ್ನು ಯಾರಾದರೂ ಅವರಿಗೆ ಮುಟ್ಟಿಸಿದ್ದರೆ ಅದನ್ನು ಅಲ್ಲೇ ಎತ್ತಬಹುದಿತ್ತು. ಗೇಟಿನ ಸುದ್ದಿ ಅಲ್ಲಿಗೆ ಮೊದಲು ಹೋದದ್ದು ಮ್ಯಾನೇಜ್‌ಮೆಂಟ್‌ನವರ ಫೋನಿಗೆ. "ಅಕ್ರಮ ಮುಷ್ಕರ ನಡೆಯುವಾಗ ನಾವು ಮಾತಾಡುವುದಿಲ್ಲ" ಎಂದು ಅವರು ಎದ್ದು ಹೋದರು. ದಿನ ಮುಂದೆ ಹಾಕಲು ನೆಪ ಹುಡುಕುತ್ತಿದ್ದವರಿಗೆ ನಾವೇ ನೆಪ ಕೊಟ್ಟ ಹಾಗಾಯಿತು.

ಮುಂದಾಳುಗಳೆಂದು ವಿಡಿಯೊದಲ್ಲಿ ಗುರುತು ಹಿಡಿದವರಿಗೆ ಕಂಪನಿಯ ಚಾರ್ಜ್‌ಶೀಟ್ ಬಂದಿದೆ, ಎನ್‌ಕ್ವೈರಿ ನಡೆಯುತ್ತಿದೆ. ಅಕ್ರಮ ಮುಷ್ಕರ ಮಾಡಿದವರಿಗೆ ಹಿಂದೆ ದಂಡ ಇದ್ದದ್ದು 50 ರೂಪಾಯಿವರೆಗೆ. ಈಗ 1,000ದಿಂದ 10,000 ರೂಪಾಯಿ, ಇಲ್ಲವೇ ಒಂದು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಕಂಪನಿ ಇನ್ನೂ ದೂರು ಕೊಟ್ಟಿಲ್ಲ, ಮಾತು ಬಂದಾಗೆಲ್ಲ ಅದನ್ನು ನೆನಪಿಸುತ್ತದೆ. ಜೊತೆಗೆ ಕೂತ ಲೋಡಿಂಗ್‌ನ ಕಾಂಟ್ರಾಕ್ಟ್ ಹುಡುಗರಿಗೆ ಚಾರ್ಜ್‌ಶೀಟೂ ಇಲ್ಲ. ಮರುದಿನದಿಂದ ಕರೆಯಲೇ ಇಲ್ಲ. ಅವರು ಯೂನಿಯನ್ ಮೆಂಬರ್‌ಗಳೂ ಅಲ್ಲ. ನಮಗಾಗಿ ಕೂತವರು ಅವರು. ಕಮಿಟಿಯಲ್ಲಿ ಅವರ ಹೆಸರೆತ್ತಿದಾಗ ಎಲ್ಲರೂ ಸುಮ್ಮನಾದರು. ಇದು ನನಗೆ ಸಹಿಸಲು ಆಗುವುದಿಲ್ಲ.

"ಇನ್ನು ಮುಂದೆ ಎಲ್ಲರೂ ಒಟ್ಟಿಗೆ ಸಿಎಲ್ ಹಾಕುವ" ಎಂದು, ಅಂದರೆ ಒಂದೇ ದಿನ ಕ್ಯಾಶುಯಲ್ ಲೀವ್ ಹಾಕುವ ಎಂದು, ಈಗ ಕೆಲವರು ಹೇಳುತ್ತಿದ್ದಾರೆ. ದಯವಿಟ್ಟು ಬೇಡ. ಒಂದೇ ದಿನ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಿಎಲ್ ಹಾಕಿದರೆ ಹೊಸ ಸಂಹಿತೆಯಲ್ಲಿ ಅದೂ ಮುಷ್ಕರವೇ.

ಬರುವ ಮಹಾಸಭೆಯಲ್ಲಿ ನಾನು ಎರಡು ವಿಷಯ ಎತ್ತುತ್ತೇನೆ. ಸ್ಟ್ಯಾಂಡಿಂಗ್ ಆರ್ಡರ್ ಎನ್ನುವ ಫ್ಯಾಕ್ಟರಿಯ ಕೆಲಸದ ನಿಯಮಗಳು ಮತ್ತು ನೇಮಕಾತಿ ಪತ್ರದ ಷರತ್ತುಗಳು ಕನ್ನಡದಲ್ಲಿ ಗೇಟಿನ ಹತ್ತಿರ ಕಾಣಬೇಕು. ಲೋಡಿಂಗ್ ಹುಡುಗರನ್ನು ವಾಪಸ್ ಕರೆಯಬೇಕೆಂಬ ಬೇಡಿಕೆ ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕು, ವೇತನಕ್ಕಿಂತ ಮೇಲೆ.